ನೋವಿನ ಮೊದಲ ಕಾಲು ಗಂಟೆ ಮತ್ತು ಮೂಗಿನ ಫೆಂಟನಿಲ್

ಸಂಪಾದಕರಿಗೆ,

ಮಾನ್ಯರೇ,

ಮೊಸರುಕುಡಿಕೆ ಹತ್ತಿರ ಬಂತು. ದಾದರ್, ಲಾಲ್‌ಬಾಗ್, ಥಾಣೆಗಳಲ್ಲಿ ಮಾನವ ಗೋಪುರ ಕಟ್ಟಿ ಮಡಕೆ ಒಡೆಯುವ ಗೋವಿಂದರ ತಂಡಗಳು ರಾತ್ರಿಯೆಲ್ಲ ಅಭ್ಯಾಸ ನಡೆಸಿವೆ. ಆ ದಿನ ಬೀಳುವವರಿಗೆಂದು ಮುಂಬೈಯ ದೊಡ್ಡ ಆಸ್ಪತ್ರೆಗಳು ಹಾಸಿಗೆ ಕಾದಿರಿಸುತ್ತವೆ, ಹಾಸಿಗೆಗಳ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಆ ಹಾಸಿಗೆಯಲ್ಲಿ ಮಲಗಿದವನ ನೋವಿಗೆ ಮೊದಲ ಕಾಲು ಗಂಟೆಯಲ್ಲಿ ಏನು ಸಿಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಈ ಪತ್ರ ಅದರ ಕುರಿತು.

ಈಗ ಹೆಚ್ಚಿನ ಕಡೆ ನಡೆಯುವುದು ಹೀಗೆ. ಮುಂಗೈ ಮುರಿದವನೋ, ಭುಜದ ಕೀಲು ತಪ್ಪಿದವನೋ, ಹೋಟೆಲಿನ ಅಡುಗೆಮನೆಯಲ್ಲಿ ಕಾದ ಎಣ್ಣೆ ಮೈಮೇಲೆ ಬಿದ್ದವನೋ ಕ್ಯಾಶುವಲ್ಟಿಗೆ ಬರುತ್ತಾನೆ. ಕೇಸ್ ಪೇಪರ್ ಆಗಬೇಕು, ಪೊಲೀಸ್ ಕೇಸಾದರೆ ಅದನ್ನೂ ಬರೆಯಬೇಕು, ಸಲೈನ್ ಹಚ್ಚಲು ನರ, ಅಂದರೆ ರಕ್ತನಾಳ, ಹುಡುಕಬೇಕು. ಸುಟ್ಟ ಕೈಯಲ್ಲಿ, ರಕ್ತ ಹೋಗಿ ತಣ್ಣಗಾದ ಕೈಯಲ್ಲಿ, ದಪ್ಪ ಮೈಯವರಲ್ಲಿ, ವಯಸ್ಸಾದವರಲ್ಲಿ ನರ ಬೇಗ ಸಿಗುವುದಿಲ್ಲ. ಅಷ್ಟರಲ್ಲಿ ಸೊಂಟಕ್ಕೊಂದು ಡೈಕ್ಲೊಫೆನಾಕ್ ಅಥವಾ ಟ್ರಮಡಾಲ್ ಇಂಜೆಕ್ಷನ್ ಆಗಿರುತ್ತದೆ. ಸ್ನಾಯುವಿಗೆ ಚುಚ್ಚಿದ ಮದ್ದು ಕೆಲಸ ತೋರಿಸಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ರಕ್ತದೊತ್ತಡ ಬಿದ್ದವರಲ್ಲಿ ಅದು ಯಾವಾಗ, ಎಷ್ಟು ಏರುತ್ತದೆ ಎಂದು ಹೇಳುವುದೂ ಕಷ್ಟ. ಡೈಕ್ಲೊಫೆನಾಕ್ ರಕ್ತಸ್ರಾವ ಆಗುತ್ತಿರುವವರಿಗೆ ಮತ್ತು ಮೂತ್ರಪಿಂಡ ದುರ್ಬಲವಾದವರಿಗೆ ಒಗ್ಗದು. ಟ್ರಮಡಾಲ್ ವಾಂತಿ ತರಿಸುತ್ತದೆ, ಮೂರ್ಛೆರೋಗ ಇರುವವರಲ್ಲಿ ಫಿಟ್ಸ್ ಎಬ್ಬಿಸಬಹುದು. ಎಕ್ಸ್‌ರೇ ಮೇಜಿನ ಮೇಲೆ ಮುರಿದ ಕೈಯನ್ನು ಆ ಕಡೆ ಈ ಕಡೆ ತಿರುಗಿಸುವ ಹೊತ್ತಿಗೆ, ಅಂದರೆ ನೋವು ಅತಿ ಹೆಚ್ಚಾಗುವ ಹೊತ್ತಿಗೆ, ಅವನ ಮೈಯಲ್ಲಿ ಹಿಡಿತಕ್ಕೆ ಬಂದ ಮದ್ದು ಏನೂ ಇರುವುದಿಲ್ಲ.

ಸೂಜಿ ಇಲ್ಲದೆ ಬಲವಾದ ನೋವಿನ ಮದ್ದನ್ನು ಮೂಗಿನಿಂದ ಕೊಡುವ ದಾರಿಯೊಂದಿದೆ. ಹೊಸದೇನಲ್ಲ. ಆಪರೇಶನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ದಿನವೂ ಬಳಸುವ, ಮಾರ್ಫಿನ್ ಜಾತಿಯ ಫೆಂಟನಿಲ್ ಮದ್ದಿನ ಆ್ಯಂಪೂಲನ್ನೇ (ಪುಟ್ಟ ಗಾಜಿನ ಸೀಸೆ) ಸಿರಿಂಜಿಗೆ ಎಳೆದು, ಸಿರಿಂಜಿನ ತುದಿಗೆ ಅಟೊಮೈಸರ್ ಎಂಬ ಚಿಕ್ಕ ಪ್ಲಾಸ್ಟಿಕ್ ಮೂತಿ ಕೂರಿಸಿ, ಮೂಗಿನ ಹೊಳ್ಳೆಯೊಳಗೆ ತುಂತುರಾಗಿ ಸಿಂಪಡಿಸುವುದು. ಮೂರ್ಛೆರೋಗದ ಮಕ್ಕಳಿರುವ ಮನೆಗಳಲ್ಲಿ ಮಿಡಜೋಲಾಮ್ ಮೂಗಿನ ಸ್ಪ್ರೇ ಇಟ್ಟುಕೊಂಡಿರುತ್ತಾರಲ್ಲ, ದಾರಿ ಅದೇ. ಒಂದು ವ್ಯತ್ಯಾಸ: ಅದನ್ನು ತಾಯಿಯೇ ಕೊಡಬಹುದು, ಇದನ್ನು ಆಮ್ಲಜನಕ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಮತ್ತು ನುರಿತ ಕೈ ಮೂರೂ ಪಕ್ಕದಲ್ಲಿ ಇರುವಲ್ಲಿ ಮಾತ್ರ ಕೊಡಬೇಕು.

ಮೂಗಿನ ಒಳಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿವೆ. ಅಲ್ಲಿ ಹೀರಿದ ಮದ್ದು ಯಕೃತ್ತನ್ನು ಹಾಯದೆ ನೇರವಾಗಿ ರಕ್ತಕ್ಕೆ ಸೇರುತ್ತದೆ. ಫೆಂಟನಿಲ್ ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಮದ್ದಾದ್ದರಿಂದ ಪೊರೆಯನ್ನು ಬೇಗ ದಾಟುತ್ತದೆ, ಕೊಟ್ಟದ್ದರಲ್ಲಿ ಸುಮಾರು ಮುಕ್ಕಾಲು ಪಾಲು ರಕ್ತ ಸೇರುತ್ತದೆ. ಮಾರ್ಫಿನ್ ನೀರಿನ ಒಡನಾಡಿ, ಅದನ್ನು ಹೀಗೆ ಸಿಂಪಡಿಸಿದರೆ ಹೆಚ್ಚೇನೂ ಒಳಗೆ ಹೋಗುವುದಿಲ್ಲ. ಮೂಗಿನಿಂದ ಗಂಟಲಿಗೆ ಇಳಿದು ನುಂಗಿದ ಫೆಂಟನಿಲ್‌ನದೂ ಅದೇ ಪಾಡು. ಮೂರರಲ್ಲಿ ಎರಡು ಪಾಲು ಯಕೃತ್ತಿನಲ್ಲೇ ಕರಗಿಹೋಗುತ್ತದೆ. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ವಯಸ್ಕರಲ್ಲಿ ಈ ವಿಧಾನ ಸೋಲುವುದು ಬಹುಪಾಲು ಅಲ್ಲಿಯೇ.

ಮಕ್ಕಳ ವಿಭಾಗಗಳಲ್ಲಿ ಮೂಗಿನ ಫೆಂಟನಿಲ್‌ಗೆ ಈಗ ಒಪ್ಪಿಗೆ ಇದೆ. ದೊಡ್ಡವರ ವಿಷಯ ಬಂದಾಗ ಹಿಂಜರಿಕೆ. 2007ರಲ್ಲಿ ಆಸ್ಟ್ರೇಲಿಯಾದಿಂದ ಎರಡು ಅಧ್ಯಯನಗಳು ಬಂದವು. ಒಂದು ಮೂಳೆ ಮುರಿದ ಮಕ್ಕಳದು, ಇನ್ನೊಂದು ಆಂಬುಲೆನ್ಸಿನಲ್ಲಿ ಬರುವ ವಯಸ್ಕರದು. ನರಕ್ಕೆ ಕೊಟ್ಟ ಮಾರ್ಫಿನ್‌ಗೂ ಮೂಗಿಗೆ ಕೊಟ್ಟ ಫೆಂಟನಿಲ್‌ಗೂ ನೋವು ಇಳಿಸುವುದರಲ್ಲಿ ಹೇಳಿಕೊಳ್ಳುವ ಅಂತರ ಎರಡರಲ್ಲೂ ಕಾಣಲಿಲ್ಲ. ಆ ಮೇಲೆ ನ್ಯೂ ಸೌತ್ ವೇಲ್ಸ್‌ನ ಆಂಬುಲೆನ್ಸ್ ದಾಖಲೆಗಳನ್ನು ಜಾಲಾಡಿದಾಗಲೂ ಇವೆರಡೂ ಅಕ್ಕಪಕ್ಕದಲ್ಲೇ ನಿಂತವು, ಉಸಿರಿನಲ್ಲಿ ಸೇದುವ ನೋವಿನ ಮದ್ದಾದ ಮೆಥಾಕ್ಸಿಫ್ಲೂರೇನ್ ಹಿಂದೆ ಬಿತ್ತು. ವಯಸ್ಕರ ಪುರಾವೆ ಮಕ್ಕಳದಷ್ಟು ದಟ್ಟವಾಗಿಲ್ಲ, ನಿಜ. ಆದರೆ ಅಡ್ಡಿ ಇರುವುದು ಪುರಾವೆಯಲ್ಲಿ ಅಲ್ಲ, ಮಿಲಿಲೀಟರ್ ಲೆಕ್ಕದಲ್ಲಿ.

ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ. ನಮ್ಮಲ್ಲಿ ಸಿಗುವ ಫೆಂಟನಿಲ್ ಒಂದು ಮಿ.ಲೀ.ಗೆ 50 ಮೈಕ್ರೋಗ್ರಾಂ, ಆ್ಯಂಪೂಲ್ 2 ಮಿ.ಲೀ., ಒಟ್ಟು 100 ಮೈಕ್ರೋಗ್ರಾಂ. ಸಾಮಾನ್ಯ ಮೊದಲ ಡೋಸ್ ಕಿಲೋಗೆ 1.5 ಮೈಕ್ರೋಗ್ರಾಂ. ಇಪ್ಪತ್ತು ಕಿಲೋ ಮಗುವಿಗೆ 30 ಮೈಕ್ರೋಗ್ರಾಂ, ಅಂದರೆ 0.6 ಮಿ.ಲೀ., ಹೊಳ್ಳೆಗೆ 0.3. ಮೂಗಿನ ಪೊರೆ ಒಂದು ಸಲಕ್ಕೆ ಚೆನ್ನಾಗಿ ಹೀರುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಅರವತ್ತು ಕಿಲೋ ಆಳಿಗೆ 90 ಮೈಕ್ರೋಗ್ರಾಂ, 1.8 ಮಿ.ಲೀ., ಹೊಳ್ಳೆಗೆ 0.9. ಒಂದು ಹೊಳ್ಳೆಗೆ 1 ಮಿ.ಲೀ. ಎಂಬುದು ಕೊನೆಯ ಗೆರೆ, ಅದನ್ನು ದಾಟಿದ್ದೆಲ್ಲ ಗಂಟಲಿಗೆ. ಎಂಬತ್ತು ಕಿಲೋದವರಿಗೆ ಲೆಕ್ಕದಂತೆ 2.4 ಮಿ.ಲೀ. ಬೇಕು, ಅದು ಮೂಗಿನಲ್ಲಿ ಹಿಡಿಯುವುದೇ ಇಲ್ಲ. ಆಸ್ಟ್ರೇಲಿಯಾದ ಕೆಲವು ಆಸ್ಪತ್ರೆಗಳ ಔಷಧಾಲಯಗಳು ಮಿ.ಲೀ.ಗೆ 300 ಮೈಕ್ರೋಗ್ರಾಂ ಇರುವ ಗಾಢ ದ್ರಾವಣ ತಯಾರಿಸಿಕೊಂಡು ಈ ಗಂಟನ್ನು ಬಿಡಿಸಿಕೊಂಡಿವೆ. ನಮ್ಮ ಕೈಯಲ್ಲಿರುವುದು ಥಿಯೇಟರಿನ ತೆಳು ಆ್ಯಂಪೂಲ್. ಅದನ್ನೇ ಹಂಚಿ ಕೊಡಬೇಕು.

ಹಂಚುವ ಬಗೆ ಇದು. ದೊಡ್ಡವರಿಗೆ ಮೊದಲ ಡೋಸಿನ ಮೇಲ್ಮಿತಿ 100 ಮೈಕ್ರೋಗ್ರಾಂ, ಅಂದರೆ ಒಂದು ಆ್ಯಂಪೂಲ್. ಅದರಲ್ಲಿ ಅರ್ಧವನ್ನು ಎರಡೂ ಹೊಳ್ಳೆಗೆ ಸಮನಾಗಿ, ತಲಾ 0.5 ಮಿ.ಲೀ. ಐದು ನಿಮಿಷ ಬಿಟ್ಟು ಉಳಿದರ್ಧ ಅದೇ ರೀತಿ. ಮೊದಲ ಅರ್ಧದಲ್ಲೇ ತೂಕಡಿಕೆ ಬಂದರೆ ಎರಡನೆಯದನ್ನು ನಿಲ್ಲಿಸುವ ಅವಕಾಶವೂ ಇದರಿಂದ ಸಿಗುತ್ತದೆ. ಎಪ್ಪತ್ತು ದಾಟಿದವರಿಗೆ, ತೀರಾ ಸೊರಗಿದವರಿಗೆ, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿಗೆ ಕಿಲೋಗೆ 0.5ರಿಂದ 1 ಮೈಕ್ರೋಗ್ರಾಂ ಸಾಕು. ಬಚ್ಚಲಲ್ಲಿ ಜಾರಿ ತೊಡೆಯ ಮೇಲ್ತುದಿ ಮುರಿದುಕೊಂಡ ಅಜ್ಜಿಗೆ 50 ಮೈಕ್ರೋಗ್ರಾಂನಿಂದ ಶುರು ಮಾಡಿ ನೋಡಬೇಕು. ಅಟೊಮೈಸರಿನೊಳಗೆ ಸುಮಾರು 0.1 ಮಿ.ಲೀ. ಮದ್ದು ಉಳಿದುಬಿಡುತ್ತದೆ. ಆದ್ದರಿಂದ ಮೊದಲ ಸಲ ಅಷ್ಟು ಹೆಚ್ಚಿಗೆ ಎಳೆದುಕೊಳ್ಳಬೇಕು. ಅದೇ ಮೂತಿಯಿಂದ ಅದೇ ರೋಗಿಗೆ ಎರಡನೇ ಸಲ ಕೊಡುವಾಗ ಹೆಚ್ಚಿಗೆ ಬೇಡ. ಅಜ್ಜಿಯ 1 ಮಿ.ಲೀ. ಡೋಸಿನಲ್ಲಿ ಇದನ್ನು ಮರೆತರೆ ಹತ್ತನೇ ಒಂದು ಪಾಲು ಹೋದಂತೆ.

ಸಿರಿಂಜು ತಿರುಗಿಸಿ ಬಿಗಿಯುವ ಲೂಯರ್ ಲಾಕ್ ಆಗಿರಬೇಕು. ಸುಮ್ಮನೆ ಒತ್ತಿ ಕೂರಿಸುವ ಸಿರಿಂಜು ಹಾಕಿದರೆ ಒತ್ತಡಕ್ಕೆ ಮೂತಿ ಕಳಚಿ, ಮದ್ದು ರೋಗಿಯ ಮೀಸೆ ಮೇಲೆ. ಇದು ನಗುವ ಮಾತಲ್ಲ, ಎಷ್ಟು ಹೋಯಿತು ಎಷ್ಟು ಉಳಿಯಿತು ಎಂದು ಆ ಮೇಲೆ ಯಾರಿಗೂ ಹೇಳಲು ಬರುವುದಿಲ್ಲ, ರಿಜಿಸ್ಟರಿನ ಲೆಕ್ಕವೂ ತಪ್ಪುತ್ತದೆ. ರೋಗಿ ಅರ್ಧ ಒರಗಿರಲಿ. ಮೊದಲು ಸಿಂಬಳ ತೆಗೆಸಿ, ಅದಾಗದಿದ್ದರೆ ಮೆಲ್ಲಗೆ ಸಕ್ಷನ್ ನಳಿಕೆಯಿಂದ ಹೀರಿ ತೆಗೆದು ಒಳಗೆ ನೋಡಬೇಕು. ಒಂದು ಹೊಳ್ಳೆ ಕಟ್ಟಿದ್ದರೆ ಇನ್ನೊಂದು ಹೊಳ್ಳೆಯಲ್ಲೇ ಕಂತು ಕಂತಾಗಿ ಕೊಡಬೇಕಾಗುತ್ತದೆ. ಒಂದು ಕೈ ತಲೆಯ ಹಿಂದೆ ಆಸರೆಯಾಗಿ, ಇನ್ನೊಂದು ಕೈಯಿಂದ ಮೂತಿಯನ್ನು ಹೊಳ್ಳೆಗೆ ಬಿಗಿಯಾಗಿ ಕೂರಿಸಿ, ತುದಿಯನ್ನು ಅದೇ ಬದಿಯ ಕಿವಿಯ ಮೇಲಂಚಿನ ಕಡೆಗೆ, ಅಂದರೆ ಮೇಲಕ್ಕೆ ಮತ್ತು ಹೊರಕ್ಕೆ ತಿರುಗಿಸಬೇಕು. ಮೂಗಿನ ನಡುಗೋಡೆಯ ಕಡೆ ತಿರುಗಿಸಿದರೆ ಮದ್ದು ಅಲ್ಲಿಂದಲೇ ಜಾರಿ ಕೆಳಗಿಳಿಯುತ್ತದೆ. ಆ ಮೇಲೆ ಪಿಸ್ಟನ್ನನ್ನು ಒಂದೇ ಸಲ ಚುರುಕಾಗಿ ಒತ್ತಬೇಕು. ಹೊಸಬರು ಮಾಡುವ ತಪ್ಪು ಇದೇ: ರೋಗಿಗೆ ಗಾಬರಿಯಾಗಬಾರದೆಂದು ನಿಧಾನವಾಗಿ ಒತ್ತುತ್ತಾರೆ. ನಿಧಾನವಾಗಿ ಒತ್ತಿದರೆ ತುಂತುರು ಆಗುವುದಿಲ್ಲ, ಹನಿಯಾಗಿ ಗಂಟಲಿಗೆ ಹೋಗುತ್ತದೆ. ರೋಗಿ "ಕಹಿ, ಕಹಿ" ಎಂದರೆ ಮದ್ದು ದಾರಿ ತಪ್ಪಿತೆಂದೇ ತಿಳಿಯಬೇಕು. ನಶ್ಯ ಏರಿಸುವ ಹಾಗೆ ಬಲವಾಗಿ ಒಳಗೆಳೆದುಕೊಳ್ಳಲು ಹೇಳುವುದೂ ಬೇಡ, ಅದರಿಂದಲೂ ಮದ್ದು ಹಿಂದಕ್ಕೆ ಹೋಗುತ್ತದೆ. ಸುಮ್ಮನೆ ಉಸಿರಾಡಲಿ. ಅಟೊಮೈಸರ್ ಇಲ್ಲವೆಂದು ಸಿರಿಂಜಿನಿಂದ ಹನಿ ಹನಿ ಬಿಡುವವರೂ ಇದ್ದಾರೆ. ಪುಟ್ಟ ಮಕ್ಕಳಲ್ಲಿ ಅದು ಅಷ್ಟಿಷ್ಟು ನಡೆದೀತು, ದೊಡ್ಡವರ 1.8 ಮಿ.ಲೀ.ಯನ್ನು ಹನಿಯಾಗಿ ಬಿಟ್ಟರೆ ಕುಡಿಸಿದಂತೆಯೇ.

ಯಾರಿಗೆ ಕೊಡಬಾರದು? ಪ್ರಜ್ಞೆ ಮಸುಕಾದವರಿಗೆ, ಉಸಿರಾಟ ಈಗಾಗಲೇ ನಿಧಾನವಾಗಿರುವವರಿಗೆ, ರಕ್ತದೊತ್ತಡ ಕುಸಿದವರಿಗೆ, ಮೂಗಿನಿಂದ ರಕ್ತ ಸುರಿಯುತ್ತಿರುವವರಿಗೆ, ಮುಖದ ನಡುಭಾಗ ಅಥವಾ ತಲೆಬುರುಡೆಯ ತಳ ಮುರಿದಿರುವ ಗುಮಾನಿ ಇರುವವರಿಗೆ. ಗೋವಿಂದರ ಪೈಕಿ ಮುಖ ಅಡಿಯಾಗಿ ಬಿದ್ದವರು ಇರುತ್ತಾರೆ, ಅವರನ್ನು ಮೊದಲೇ ಬೇರ್ಪಡಿಸಬೇಕು. ಖಿನ್ನತೆಗೆ ಎಂಎಒ ಎಂಬ ಕಿಣ್ವವನ್ನು ತಡೆಯುವ ಮಾತ್ರೆ ತಿನ್ನುವವರಿಗೂ ಬೇಡ. ಕುಡಿದು ಬಂದವರ ವಿಷಯ ನಾಜೂಕು. ಮದ್ಯವೂ ಫೆಂಟನಿಲ್‌ ಕೂಡಿದರೆ ಉಸಿರು ನಿಧಾನವಾಗುತ್ತದೆ, ಕೊಡಲೇಬೇಕಾದರೆ ಅರ್ಧ ಡೋಸ್ ಮತ್ತು ಇಮ್ಮಡಿ ಎಚ್ಚರ. ಇನ್ನೊಂದು ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ: ನೆಗಡಿಗೆಂದು ಆಕ್ಸಿಮೆಟಜೋಲಿನ್ ಅಥವಾ ಜೈಲೊಮೆಟಜೋಲಿನ್ ಹನಿಗಳನ್ನು ಮೂಗಿಗೆ ಬಿಟ್ಟುಕೊಳ್ಳುವ ಚಟ ನಮ್ಮಲ್ಲಿ ಬಹಳ. ಅವು ರಕ್ತನಾಳಗಳನ್ನು ಬಿಗಿಯುತ್ತವೆ, ಫೆಂಟನಿಲ್ ಒಳಗೆ ಹೋಗುವುದು ತಡವಾಗುತ್ತದೆ. ಹತ್ತು ನಿಮಿಷಕ್ಕೂ ಪರಿಣಾಮ ಕಾಣಲಿಲ್ಲವೆಂದು ಮೇಲೊಂದು ಡೋಸ್ ಕೊಟ್ಟರೆ, ಎರಡೂ ಒಟ್ಟಿಗೆ ಏರಿ ತೊಂದರೆ ಕೊಡಬಹುದು. ಕೇಳಿ ತಿಳಿಯದೆ ಬೇರೆ ದಾರಿಯಿಲ್ಲ.

ಸಿಂಪಡಿಸಿದ ಹೊತ್ತನ್ನು ಕಾಗದದ ಮೇಲೆ ಬರೆಯಬೇಕು. ಪರಿಣಾಮ ಐದರಿಂದ ಹತ್ತು ನಿಮಿಷದಲ್ಲಿ ಶುರು, ಅರ್ಧದಿಂದ ಒಂದು ಗಂಟೆ ಇರುತ್ತದೆ. ಐದು, ಹತ್ತು, ಹದಿನೈದು, ಇಪ್ಪತ್ತನೇ ನಿಮಿಷಕ್ಕೆ ಉಸಿರನ್ನು ಎಣಿಸಬೇಕು, ಬೆರಳಿನ ಆಕ್ಸಿಮೀಟರ್ ಒಂದನ್ನೇ ನಂಬಿ ಕೂರಬಾರದು. ಆಮ್ಲಜನಕ ಹಾಕಿದವರಲ್ಲಿ ಉಸಿರು ನಿಧಾನವಾದದ್ದು ಆಕ್ಸಿಮೀಟರಿನಲ್ಲಿ ಬಹಳ ತಡವಾಗಿ ಕಾಣುತ್ತದೆ. ಹತ್ತು ನಿಮಿಷಕ್ಕೆ ನೋವು ಇಳಿಯದಿದ್ದರೆ, ರೋಗಿ ಎಚ್ಚರವಾಗಿದ್ದರೆ, ಮೊದಲಿನದರ ಅರ್ಧ ಡೋಸ್ ಇನ್ನೊಮ್ಮೆ. ಅದಕ್ಕೂ ಬಗ್ಗದಿದ್ದರೆ ಮೂಗಿನ ಹಾದಿ ಬಿಟ್ಟು ನರಕ್ಕೆ ಹೋಗಬೇಕು. ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು ಎಂದರೆ ತಟ್ಟಿ ಎಬ್ಬಿಸಿ, ಹೆಸರು ಕರೆದು, ಉಸಿರಾಡಲು ಹೇಳಿ ಆಮ್ಲಜನಕ ಕೊಡಬೇಕು. ಎಂಟಕ್ಕಿಂತ ಇಳಿದರೆ, ಇಲ್ಲವೇ ಕರೆದರೂ ಏಳದಿದ್ದರೆ ಅಂಬು ಬ್ಯಾಗ್, ಜೊತೆಗೆ ಫೆಂಟನಿಲ್‌ನ ಪರಿಣಾಮವನ್ನು ಹಿಂದೆಗೆಯುವ ನಲೊಕ್ಸೋನ್. ನಮ್ಮಲ್ಲಿ ಸಿಗುವ ನಲೊಕ್ಸೋನ್ ಆ್ಯಂಪೂಲ್ 1 ಮಿ.ಲೀ.ಗೆ 0.4 ಮಿಲಿಗ್ರಾಂ. ಅದನ್ನು ಸಲೈನ್ ಸೇರಿಸಿ 10 ಮಿ.ಲೀ. ಮಾಡಿ, ಎರಡೆರಡು ನಿಮಿಷಕ್ಕೆ 1 ಮಿ.ಲೀ.ಯಂತೆ ನರಕ್ಕೆ ಕೊಟ್ಟರೆ ಉಸಿರು ಮರಳುತ್ತದೆ, ನೋವು ಮರುಕಳಿಸಿ ರೋಗಿ ಚೀರುವುದಿಲ್ಲ. ನರ ಇನ್ನೂ ಸಿಕ್ಕಿಲ್ಲವಾದರೆ ಇಡೀ ಆ್ಯಂಪೂಲ್ ಸ್ನಾಯುವಿಗೆ. ಈ ಆ್ಯಂಪೂಲನ್ನು ಮೂಗಿಗೆ ಸಿಂಪಡಿಸಿ ಉಳಿಸಿಕೊಳ್ಳುತ್ತೇವೆ ಎಂದುಕೊಳ್ಳಬೇಡಿ, ಮೂಗಿಗೆ ಬೇಕಾಗುವ 2 ಮಿಲಿಗ್ರಾಂ ಸೇರಿಸಲು ಅಂಥ ಐದು ಆ್ಯಂಪೂಲ್, 5 ಮಿ.ಲೀ. ಆಗುತ್ತದೆ, ಅಷ್ಟನ್ನು ಯಾವ ಮೂಗೂ ಹಿಡಿಯದು.

ಮೂಗಿನ ಫೆಂಟನಿಲ್ ಪೂರ್ತಿ ಚಿಕಿತ್ಸೆಯಲ್ಲ, ಅದು ನಡುವಿನ ಹೊತ್ತನ್ನು ದಾಟಿಸುವ ದೋಣಿ. ಆ ಅರ್ಧ ಗಂಟೆಯಲ್ಲಿ ಪಟ್ಟಿ ಹಾಕಿ ಮುರಿದ ಕೈಯನ್ನು ಅಲುಗದಂತೆ ಮಾಡಬೇಕು, ಸುಟ್ಟ ಗಾಯಕ್ಕೆ ತಂಪು ನೀರು ಬಿಟ್ಟು ಮುಚ್ಚಬೇಕು, ಪ್ಯಾರಾಸಿಟಮಾಲ್ 1 ಗ್ರಾಂ ಹೋಗಿರಬೇಕು, ರಕ್ತನಾಳಕ್ಕೆ ಸೂಜಿ ಹಾಕಿರಬೇಕು, ತೊಡೆಯ ಮುರಿತವಾದರೆ ಕಾಲಿನ ನೋವು ಒಯ್ಯುವ ನರಗಳಿಗೆ ಅರಿವಳಿಕೆ ಚುಚ್ಚುವವರು ಬಂದಿರಬೇಕು. ಇದಾವುದೂ ಆಗದೆ ಒಂದು ಗಂಟೆ ಕಳೆದರೆ ಶುರುವಿನ ನೋವೇ ಮತ್ತೆ. ಹೊಟ್ಟೆನೋವಿನವರಿಗೆ ಮದ್ದು ಕೊಟ್ಟರೆ ಅಪೆಂಡಿಕ್ಸ್ ಮರೆಯಾಗುತ್ತದೆ, ಸರ್ಜನ್ ನೋಡುವವರೆಗೆ ಕಾಯಲಿ ಎಂಬ ಹಳೆಯ ನಂಬಿಕೆಯನ್ನೂ ಈಗ ಬಿಡಬಹುದು. ನೋವು ಇಳಿಸಿದ ಮೇಲೆ ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸುವುದು ಸುಲಭವಾಗುತ್ತದೆ, ರೋಗನಿರ್ಣಯ ಕೆಡುವುದಿಲ್ಲ.

ಇನ್ನು ಬೀಗದ ಕೈ. ಫೆಂಟನಿಲ್ ಮಾದಕವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಹಿಂದೆ ಹಲವು ಪರವಾನಗಿ, ಬೇರೆ ಬೇರೆ ಇಲಾಖೆ. 2014ರ ತಿದ್ದುಪಡಿ ಅಗತ್ಯ ಮಾದಕ ಔಷಧಗಳೆಂಬ ವರ್ಗವನ್ನು ತಂದಿತು, ಫೆಂಟನಿಲ್, ಮಾರ್ಫಿನ್, ಮೆಥಡೋನ್ ಸೇರಿದಂತೆ ಆರು ಮದ್ದುಗಳು ಆ ಮೇಲೆ ಅದರಲ್ಲಿ ಸೇರಿದವು. 2015ರ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಅವನ್ನು ಇಟ್ಟುಕೊಳ್ಳಬಹುದು. ಆಪರೇಶನ್ ನಡೆಯುವ ಆಸ್ಪತ್ರೆಗಳಲ್ಲಿ ಮಾನ್ಯತೆಯೂ ಇದೆ, ಮದ್ದೂ ಇದೆ. ಆದರೆ ಅದು ಥಿಯೇಟರಿನ ಕಪಾಟಿನಲ್ಲಿ, ಬೀಗದ ಕೈ ಸಿಸ್ಟರ್ ಇನ್‌ಚಾರ್ಜ್ ಹತ್ತಿರ, ಅವರು ರಾತ್ರಿ ಎಂಟಕ್ಕೆ ಮನೆಗೆ. ಕ್ಯಾಶುವಲ್ಟಿಯಲ್ಲೇ ಎರಡು ಬೀಗದ ಪುಟ್ಟ ಕಪಾಟು, ಅದರಲ್ಲಿ ಎಣಿಸಿದ ಹತ್ತು 2 ಮಿ.ಲೀ. ಆ್ಯಂಪೂಲ್, ಪಾಳಿ ಬದಲಾದಾಗಲೆಲ್ಲ ಇಬ್ಬರ ಸಹಿಯೊಡನೆ ಎಣಿಕೆ, ಉಳಿದ ಮದ್ದನ್ನು ಇನ್ನೊಬ್ಬರ ಎದುರಿಗೇ ಚೆಲ್ಲಿ ಬರೆಯುವ ಕ್ರಮ, ಪಕ್ಕದಲ್ಲೇ ನಲೊಕ್ಸೋನ್. ಇಷ್ಟಕ್ಕೆ ಬೇಕಾಗುವುದು ಒಂದು ಆಡಳಿತ ಆದೇಶ ಮತ್ತು ಒಂದು ರಿಜಿಸ್ಟರ್. 10 ಮಿ.ಲೀ.ಯ ವಯಲ್ ಮಾತ್ರ ಅಲ್ಲಿ ಬೇಡವೇ ಬೇಡ. ಅದರಲ್ಲಿ 500 ಮೈಕ್ರೋಗ್ರಾಂ ಇರುತ್ತದೆ, ಗಡಿಬಿಡಿಯಲ್ಲಿ ಹೆಚ್ಚು ಎಳೆದುಬಿಡುವುದು ಸುಲಭ. ಡೋಸನ್ನು ಮೈಕ್ರೋಗ್ರಾಂ ಮತ್ತು ಮಿ.ಲೀ. ಎರಡರಲ್ಲೂ ಬರೆದ ತೂಕದ ಪಟ್ಟಿಯೊಂದನ್ನು ಕಪಾಟಿನ ಬಾಗಿಲಿಗೇ ಅಂಟಿಸಿದರೆ ರಾತ್ರಿ ಮೂರು ಗಂಟೆಗೆ ಯಾರೂ ಮನಸ್ಸಿನಲ್ಲಿ ಗುಣಾಕಾರ ಮಾಡಬೇಕಾಗಿಲ್ಲ.

ಫೆಂಟನಿಲ್ ಹೆಸರು ಕೇಳಿದರೇ ಜನ ಬೆಚ್ಚುತ್ತಾರೆ, ಅಮೆರಿಕದ ಸಾವುಗಳ ಸುದ್ದಿ ಎಲ್ಲರೂ ಓದಿದ್ದಾರೆ. ಅಲ್ಲಿ ಕೊಲ್ಲುತ್ತಿರುವುದು ಬಹುಪಾಲು ಕಳ್ಳದಾರಿಯಲ್ಲಿ ತಯಾರಾದ, ಎಷ್ಟಿದೆ ಎಂದು ಯಾರಿಗೂ ಗೊತ್ತಿರದ ಪುಡಿ ಮತ್ತು ಮಾತ್ರೆ. ತುರ್ತಿನಲ್ಲಿ ಅಳೆದು ಕೊಟ್ಟ ಒಂದೆರಡು ಡೋಸಿನಿಂದ ಚಟ ಹತ್ತುವ ಸಾಧ್ಯತೆ ತೀರಾ ಕಡಿಮೆ. ಹಾಗೆಯೇ ಕ್ಯಾನ್ಸರ್ ರೋಗಿಗಳಿಗೆಂದು ವಿದೇಶಗಳಲ್ಲಿ ಸಿಗುವ ಸಿದ್ಧ ಫೆಂಟನಿಲ್ ಸ್ಪ್ರೇಗಳನ್ನು ಇದರೊಂದಿಗೆ ಬೆರೆಸಬಾರದು. ಅವು ದಿನವೂ ಮಾರ್ಫಿನ್ ತೆಗೆದುಕೊಂಡು ಮೈ ಒಗ್ಗಿದವರಿಗೆ. ದುಬೈಯಿಂದಲೋ ಲಂಡನ್ನಿಂದಲೋ ಬಂಧುಗಳು ತಂದ ಅಂಥ ಬಾಟಲಿ ಮನೆಯಲ್ಲಿದ್ದರೆ ಕೈಮುರಿದವನಿಗೆ ಅದನ್ನು ಕೊಡುವ ಸಾಹಸ ಬೇಡ.

ಮುಂಬೈಯಲ್ಲಿ ನಮ್ಮವರಿಗೆ ಇನ್ನೊಂದು ಸಣ್ಣ ತೊಡಕಿದೆ. ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಎಂದು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ಕಲಬುರಗಿ, ಯಾದಗಿರಿಯ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು "ಭಾಳ ಐತ್ರಿ" ಎನ್ನುತ್ತಾರೆ, ಕಾಗದದಲ್ಲಿ ಅಂಕೆ ಇಲ್ಲದಿದ್ದರೆ ಮದ್ದೂ ಇಲ್ಲ. ಇಲ್ಲ, ಸ್ವಲ್ಪ, ಜಾಸ್ತಿ, ತಡಕೊಳ್ಳಾಕ ಆಗವಲ್ದು ಎಂಬ ನಾಲ್ಕು ಮೆಟ್ಟಿಲು ಸಾಕು, ಕೊನೆಯ ಎರಡಕ್ಕೆ ಮದ್ದು ಕೊಡಬೇಕು. ಜೊತೆಗೆ ಬಂದವರು ನರ್ಸಿಗೆ ಇದನ್ನು ತಿಳಿಸಿಕೊಟ್ಟರೆ ದೊಡ್ಡ ಉಪಕಾರ.

ಹೋಟೆಲ್ ಮಾಲೀಕರು, ಟ್ರಸ್ಟ್ ಆಸ್ಪತ್ರೆಗಳ ಸಮಿತಿಗಳಲ್ಲಿ ಇರುವ ನಮ್ಮ ಹಿರಿಯರು ಮುಂದಿನ ಸಭೆಯಲ್ಲಿ ಕೇಳಬೇಕಾದದ್ದು ಇಷ್ಟೇ: ಕ್ಯಾಶುವಲ್ಟಿಯಲ್ಲಿ ಫೆಂಟನಿಲ್ ಇದೆಯೇ, ಅಟೊಮೈಸರ್ ಇದೆಯೇ, ರಾತ್ರಿ ಬೀಗದ ಕೈ ಯಾರ ಹತ್ತಿರ. ರೋಗಿಯನ್ನು ಕರೆತರುವವರು ಮೂಗಿನ ಹನಿ, ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಕುಡಿದಿರುವುದು ಯಾವುದನ್ನೂ ಮುಚ್ಚಿಡಬಾರದು, ತೂಕ ಗೊತ್ತಿದ್ದರೆ ಹೇಳಬೇಕು. ಕೊನೆಯ ಡೋಸ್ ಆದ ಮೇಲೆ ಕನಿಷ್ಠ ಒಂದು ಗಂಟೆ ರೋಗಿ ನಿಗಾದಲ್ಲಿ ಇರಬೇಕು. ಮನೆಗೆ ಬಿಟ್ಟರೂ ಆ ದಿನ ಬೈಕ್ ಓಡಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ, ರಾತ್ರಿ ಜೊತೆಗೊಬ್ಬರು ಇರಬೇಕು.

ಇತಿ,
ಮುಂಬೈಯ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕೆಲಸ ಮಾಡುವ ಕೆಲವು ಕನ್ನಡಿಗ ವೈದ್ಯರು ಮತ್ತು ನರ್ಸ್‌ಗಳು